ಬಾಸ್‌ಗೆ ಕೊಟ್ಟ ಎರಡು ಕಿತ್ತಳೆ

ಚೀನೀ ಹೊಸ ವರ್ಷ ಕಳೆದು ಇನ್ನೂ ವಾರ ಆಗಿರಲಿಲ್ಲ. ಆಂಗ್ ಮೋ ಕಿಯೋ ಬಡಾವಣೆಯ ನಮ್ಮ ಫ್ಯಾಕ್ಟರಿಗೆ ಅಮೆರಿಕದಿಂದ ದೊಡ್ಡ ಬಾಸ್ ಬಂದ. ಜೊತೆಗೆ, ಇಷ್ಟು ವರ್ಷ ನಮ್ಮ ಎದುರಾಳಿಯಾಗಿದ್ದ ಜರ್ಮನ್ ಕಂಪನಿಯವನು. ಜಪಾನ್, ಕೊರಿಯಾದವರ ಪೈಪೋಟಿ ತಡೆಯೋಕಾಗದೆ ಇಬ್ಬರೂ ಕೈಜೋಡಿಸಿದ್ದರು. ಅದರ ಮೊದಲ ಫಲ ನನ್ನ ಫೈಲಿನಲ್ಲಿತ್ತು: ಚೀನಾಕ್ಕೆ ಸಾಗಿಸಬೇಕಾದ ನಮ್ಮ ಮೆಷೀನುಗಳ ಪಟ್ಟಿ. ಕೆಲಸದವರಿಗೆ ಇನ್ನೂ ಹೇಳಿರಲಿಲ್ಲ.

ಹದಿನೈದು ವರ್ಷದಿಂದ ಒಂದೇ ಮೆಷೀನ್ ನಡೆಸುತ್ತಿದ್ದ ಲಿಮ್ ಆಂಟಿ ಎದ್ದು ಬಂದು, ಎರಡೂ ಕೈಯಿಂದ ಬಾಸ್‌ಗೆ ಎರಡು ಕಿತ್ತಳೆ ಕೊಟ್ಟರು. ಹಾಗೆ ಕೊಟ್ಟವರಿಗೆ ತಿರುಗಿ ಎರಡು ಕೊಡೋದು ಅಲ್ಲಿನ ಚೀನೀಯರ ಹೊಸ ವರ್ಷದ ಪದ್ಧತಿ. ಬಾಸ್‌ಗೇನು ಗೊತ್ತು? ಒಂದನ್ನು ಜರ್ಮನಿಯವನಿಗೆ ಕೊಟ್ಟ. ಇಬ್ಬರೂ ಅಲ್ಲೇ ಸುಲಿದು ತಿಂದು, ಸಿಪ್ಪೆಯನ್ನು ಆಂಟಿಯ ಮೆಷೀನಿನ ಮೇಲಿಟ್ಟು ಹೊರಟರು.

ಆಂಟಿ ಸಿಪ್ಪೆ ತೆಗೆದು ಮೆಷೀನ್ ಒರೆಸಿದರು. "ಇಬ್ಬರೂ ಈಗ ಫ್ರೆಂಡ್ಸಾ?"

"ಹೌದು ಆಂಟಿ."

"ಒಳ್ಳೇದಾಯ್ತು ಬಿಡು. ನಮಗೂ ಕೆಲಸ ಜಾಸ್ತಿ ಆಗತ್ತೆ."

ನಾನು ಕ್ಯಾಂಟೀನಿಂದ ಎರಡು ಕಿತ್ತಳೆ ತಂದು, ಬಾಸ್ ಕಳಿಸಿದ್ದು ಅಂತ ಸುಳ್ಳು ಹೇಳಿ ಕೊಟ್ಟೆ. ಬಾಸ್ ನಿಜವಾಗಿ ಕಳಿಸಿದ್ದು ಆಂಟಿಯನ್ನು ಕೆಲಸದಿಂದ ತೆಗೆದ ಕಾಗದ. ಶುಕ್ರವಾರ ಅದನ್ನೂ ನಾನೇ ಕೊಡಬೇಕಾಯಿತು. ಅದನ್ನೂ ಆಂಟಿ ಎರಡೂ ಕೈಯಿಂದಲೇ ತಗೊಂಡರು.