ಕೊಡ ತುಂಬಿಸಿದವರು ದಡ್ಡರಲ್ಲ

ಇಂಗ್ಲೆಂಡಿನಲ್ಲಿ ಆರೋಗ್ಯ ಪತ್ರಿಕೋದ್ಯಮ ಓದುತ್ತಿದ್ದಾಗ ನಮ್ಮ ಕೊನೆಯ ಪರೀಕ್ಷೆ ಎಂದರೆ ಒಂದು ವರದಿ. ಸಾಂಕ್ರಾಮಿಕ ಹಬ್ಬಿದ ಯಾವುದಾದರೂ ಊರಿಗೆ ಹೋಗಿ ಬರೆದು ತರಬೇಕು. ಉಳಿದವರು ನಕ್ಷೆ ಹರಡಿಕೊಂಡು ಕೂತರು. ನನಗೆ ಅದರ ಗೊಡವೆ ಇರಲಿಲ್ಲ. ಚಿಕುನ್‌ಗುನ್ಯ ನಮ್ಮ ಕುಷ್ಟಗಿಯಲ್ಲೇ, ನಮ್ಮವ್ವನ ಮೊಣಕಾಲಲ್ಲೇ ಕೂತಿತ್ತು.

ಊರಿಗೆ ಬಂದರೆ ಓಣಿಗೆ ಓಣಿಯೇ ಗೋಡೆ ಹಿಡಿದು ನಡೆಯುತ್ತಿತ್ತು. ನಮ್ಮಲ್ಲಿ ಒಂದು ಮನೆ ಹಾಸಿಗೆ ಹಿಡಿದರೆ ಆ ಮನೆಯ ನೀರು ತುಂಬುವುದು ಓಣಿಯವರ ಪಾಲು. ಪುರಸಭೆಯ ನಳ ಬರುವುದೋ ವಾರಕ್ಕೊಮ್ಮೆ. ಬಂದ ದಿನ, ಹೇಗೋ ಎದ್ದು ನಿಂತವರು ಮಲಗಿದವರ ಮನೆಯ ಹಂಡೆ, ಹರವಿ, ಬ್ಯಾರಲ್ಲು, ಕೊನೆಗೆ ಹಿಟ್ಟಿನ ಡಬ್ಬಿಯನ್ನೂ ಬಿಡದೆ ತುಂಬಿಸಿಟ್ಟಿದ್ದರು. ಅವ್ವನ ಬ್ಯಾರಲ್ಲಿನೊಳಗೆ ಬಗ್ಗಿ ನೋಡಿದೆ. ಸೊಳ್ಳೆಮರಿಗಳು ಕುಣಿಯುತ್ತಿದ್ದವು. ನಮ್ಮವರ ಅಂತಃಕರಣವೇ ಸೊಳ್ಳೆ ಸಾಕಿತ್ತು.

"ಯವ್ವಾ, ಇದನ್ನೆಲ್ಲಾ ಚೆಲ್ಲಬೇಕು" ಅಂದೆ.

"ದವಾಖಾನಿಯವ್ರೂ ಅದನ್ನ ಹೇಳಿ ಹೋಗ್ಯಾರ. ಚೆಲ್ಲತೀನಿ. ನಾಳಿ ಕುಡಿಯೋ ನೀರು ನಿಮ್ಮ ಇಂಗ್ಲೆಂಡಿನಿಂದ ತರ್ತಿಯೇನು?"

ಕಂಡದ್ದನ್ನು ಕಂಡಂತೆ ಬರೆದುಕೊಂಡು ಇಂಗ್ಲೆಂಡಿಗೆ ಮರಳಿದೆ.

ಅಲ್ಲಿನ ನಮ್ಮ ಮೇಷ್ಟ್ರು ಓದಿ ಹಿಗ್ಗಿದರು. "ಚೆನ್ನಾಗಿದೆ. ಆದರೆ ಇದು ಅಜ್ಞಾನದ ಕಥೆ. ಅದನ್ನೇ ಮೊದಲ ಸಾಲಿಗೆ ತಾ. ನಳದ ಮಾತು ರಾಜಕೀಯ, ತೆಗೆದುಬಿಡು. ಇಲ್ಲದಿದ್ದರೆ ಪಾಸು ಮಾಡಲಾರೆ."

ಪಾಸಾಗದಿದ್ದರೆ ಬರಿಗೈಲಿ ಊರಿಗೆ ಮರಳಬೇಕು, ಅದು ಗೊತ್ತಿತ್ತು. ಆದರೆ ಬಾತುಕೊಂಡ ಕೀಲುಗಳಲ್ಲೇ ನಮ್ಮವ್ವನಿಗೆ ಕೊಡ ಹೊತ್ತು ತಂದ ಪಕ್ಕದ ಮನೆಯಾಕೆಯನ್ನು ದಡ್ಡಿ ಎಂದು ಬರೆದು ಡಿಗ್ರಿ ತಂದರೆ, ಆ ಓಣಿಯಲ್ಲಿ ಒಂದು ತಂಬಿಗೆ ನೀರು ಕೇಳಲು ನನಗೆ ಮುಖ ಇರುತ್ತದೆಯೇ?

"ಸೊಳ್ಳೆ ಬೆಳೆದದ್ದು ನಮ್ಮ ಕೊಡಗಳಲ್ಲಿ. ಮುಚ್ಚಿಟ್ಟಿಲ್ಲ, ಬರೆದಿದ್ದೇನೆ. ಅಷ್ಟು ಕೊಡ ಯಾಕೆ ತುಂಬಿಸಿಡಬೇಕಾಯಿತು ಅನ್ನುವುದನ್ನೂ ಬರೆದಿದ್ದೇನೆ. ಇದ್ದರೆ ಎರಡೂ ಇರಬೇಕು" ಎಂದೆ.

ಫೇಲು ಮಾಡಿದರು. ತಿದ್ದಿ ಕೊಡಲು ಇನ್ನೊಂದು ಅವಕಾಶವಿತ್ತು. ತಿದ್ದಿದೆ. ವರದಿಯ ತಳದಲ್ಲಿದ್ದ ನಳದ ಮಾತನ್ನು ಮೊದಲ ಸಾಲಿಗೆ ತಂದೆ. ಮತ್ತೆ ಫೇಲು.

ಡಿಗ್ರಿ ಇಲ್ಲದೆ ಊರಿಗೆ ಬಂದು ಅದೇ ವರದಿಯನ್ನು ಕನ್ನಡದಲ್ಲಿ ಬರೆದು ಕೊಪ್ಪಳದ ಒಂದು ಪತ್ರಿಕೆಗೆ ಕೊಟ್ಟೆ. ಅಚ್ಚಾದ ದಿನ ಅವ್ವ ಓಣಿಯ ಹೆಂಗಸರನ್ನೆಲ್ಲ ಕಟ್ಟೆಗೆ ಕರೆದು ನನ್ನಿಂದಲೇ ಓದಿಸಿದಳು. ಸೊಳ್ಳೆಯ ಸಾಲನ್ನೂ ಬಿಡದೆ ಓದಿದೆ.

ಅವ್ವನಿಗೆ ಕೊಡ ಹೊತ್ತು ತಂದಿದ್ದ ಪಕ್ಕದ ಮನೆಯಾಕೆ ಕೊನೆಗೆ ಅಂದಳು: "ಖರೇನ ಬರದಾಳ. ಸೊಳ್ಳಿ ನಮ್ಮವು. ನಳ ಪುರಸಭಾದವರದು. ನಡೀರಿ, ಕೇಳೂಣು."