ಫುಲ್ ಆದಮೇಲೆ ಹೊರಡುವ ಗಾಡಿ

ನರ್ಸ್ ಕೆಲಸದಿಂದ ನಿವೃತ್ತಳಾದರೂ ನನ್ನ ದಿನ ಇನ್ನೂ ವಾರ್ಡಿನ ಗಡಿಯಾರದಂತೆಯೇ ನಡೆಯುತ್ತದೆ. ಹಾಸಿಗೆಯ ಚಾದರದ ಮೂಲೆ ಮಡಿಸಿ ಬಿಗಿಯಾಗಿ ಸಿಕ್ಕಿಸಿದ ಮೇಲೆಯೇ ಬೆಳಗಿನ ಚಹಾ. ವಾರ್ಡಿನಲ್ಲಿ ಒಂದು ಮಂಚಕ್ಕೆ ಒಬ್ಬರೇ ರೋಗಿ, ಒಬ್ಬ ರೋಗಿಗೆ ಒಬ್ಬರೇ ಜೊತೆಗಾರರು. ಮಂಚಗಳೆಲ್ಲ ತುಂಬಿದರೆ ಬಾಗಿಲಲ್ಲಿ ನಿಂತು ‘ಫುಲ್’ ಎನ್ನುತ್ತಿದ್ದೆ. ಬಂದವರು ಬೇರೆ ಆಸ್ಪತ್ರೆಯ ದಾರಿ ಹಿಡಿಯುತ್ತಿದ್ದರು.

ಜಮಖಂಡಿಯ ನನ್ನ ಮನೆಯಲ್ಲೂ ಈ ಲೆಕ್ಕ ನಡೆಯುತ್ತಿತ್ತು. ಕೂಡಲು ಜಾಗ ಇಲ್ಲದಿದ್ದರೆ ರಶ್, ನಿಲ್ಲಲೂ ಜಾಗ ಇಲ್ಲದಿದ್ದರೆ ಫುಲ್. ಮೈಸೂರು ಕಡೆಯ ನನ್ನ ಸೊಸೆ ಎರಡಕ್ಕೂ ‘ಪ್ಯಾಕ್’ ಎನ್ನುತ್ತಾಳೆ. ಅದು ಅವಳ ಊರಿನ ರೂಢಿ ಎಂದು ಬಿಟ್ಟಿದ್ದೆ. ನಮ್ಮ ಸೀಮೆಯೊಳಗೇ ಊರಿಗೊಂದು ಅಳತೆ ಇದೆಯೆಂದು ತಿಳಿದದ್ದು ಅಕ್ಕನ ಕಣ್ಣಿನ ಕೆಲಸಕ್ಕೆ ಹೊರಟ ದಿನ.

ಅಕ್ಕ ಮುಧೋಳದಲ್ಲಿರುತ್ತಾಳೆ. ಹಳೆಯ ಸೀರೆಗಳನ್ನು ಜೋಡಿಸಿ ಕೌದಿ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಬಲಗಣ್ಣಿನ ಪೊರೆ ತೆಗೆಸಿ ಆಗಿತ್ತು. ಎಡಗಣ್ಣು ಪೂರ್ತಿ ಮಸುಕು. ಮೊಮ್ಮಗಳ ಹೆರಿಗೆಯೊಳಗೆ ಕೂಸಿನ ಕೌದಿ ಮುಗಿಸಬೇಕು ಎಂಬುದು ಅವಳ ಹಟ. “ಒಂದ ಕಣ್ಣಾಗ ಹೊಲದ್ರ ಹೊಲಿಗಿ ಸೊಟ್ಟ ಹೊಕ್ಕೈತಿ,” ಎಂದು ಫೋನಿನಲ್ಲಿ ಗೋಳಾಡುತ್ತಿದ್ದಳು. ಕಣ್ಣಿನ ಡಾಕ್ಟರು ತಿಂಗಳಿಗೊಮ್ಮೆ ಹೊರಗಿನಿಂದ ಬನಹಟ್ಟಿಗೆ ಬರುತ್ತಾರೆ, ಊಟದ ಹೊತ್ತಿಗೆ ಎದ್ದು ಹೋಗುತ್ತಾರೆ. ಅಂದು ತಪ್ಪಿದರೆ ಮತ್ತೆ ಮುಂದಿನ ತಿಂಗಳು. ಅಷ್ಟರಲ್ಲಿ ಕೂಸು ಬಂದೇಬಿಡುತ್ತದೆ.

ಹಿಂದಿನ ದಿನವೇ ಮುಧೋಳಕ್ಕೆ ಹೋಗಿ ತಂಗಿದ್ದೆ. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಬನಹಟ್ಟಿ ಬಸ್ಸು ಬಂದಿತು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಲು ಹೊರಟಳು. ನಾನು ತೋಳು ಹಿಡಿದು ಹಿಂದಕ್ಕೆ ಎಳೆದೆ. ಒಳಗೆ ಜನ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದರು. ಯಾರದಾದರೂ ಮೊಣಕೈ ಆಪರೇಷನ್ ಆದ ಕಣ್ಣಿಗೆ ತಾಗಿದರೆ?

“ಇಷ್ಟ ರಶ್‌ನ್ಯಾಗ ಬ್ಯಾಡ.”

“ರಶ್ ಎಲ್ಲೈತ್ರೀ ಅಕ್ಕಾರ? ಮುಂದ ಎಲ್ಲಾ ಖಾಲಿ ಐತಿ, ಹತ್ರಿ ಹತ್ರಿ!” ಎಂದ ಕಂಡಕ್ಟರ್, ತಾನೇ ಬಾಗಿಲಲ್ಲಿ ಒಂದು ಕಾಲ ಮೇಲೆ ನಿಂತುಕೊಂಡು.

ಮುಂದಿನ ಬಸ್ಸಿನವನು ಅಷ್ಟು ಸುಳ್ಳು ಹೇಳಲಿಲ್ಲ. “ಟೈಟ್ ಐತ್ರೀ. ಆದ್ರ ನೀವಿಬ್ರೂ ಹಿಡಸ್ತೀರಿ.” ಅದನ್ನೂ ಬಿಟ್ಟೆ.

ಸ್ಟ್ಯಾಂಡಿನ ಹೊರಗೆ ಬನಹಟ್ಟಿಗೆ ಹೋಗುವ, ಜೀಪಿನಂಥ ಬಾಡಿಗೆಯ ಕ್ರೂಸರ್ ಗಾಡಿಯೊಂದು ಒಬ್ಬ ಗಿರಾಕಿಯೂ ಇಲ್ಲದೆ ನಿಂತಿತ್ತು. ನನಗೆ ಹಾಯೆನಿಸಿತು. ನಡುವಿನ ಸೀಟಿನಲ್ಲಿ ಅಕ್ಕನನ್ನು ಕಿಟಕಿಗೆ ಕೂರಿಸಿ, ನಾನು ಪಕ್ಕದಲ್ಲಿ ಕೂತು, ಅವಳಿಗೆ ಯಾರೂ ತಾಗದಂತೆ ನಮ್ಮಿಬ್ಬರ ನಡುವೆ ಚೀಲ ಇಟ್ಟೆ.

ಗಾಡಿ ಹೊರಡಲಿಲ್ಲ.

“ಯಾವಾಗ ಬಿಡ್ತೀಯಪ್ಪಾ?”

“ಫುಲ್ ಆದ ಕೂಡ್ಲೆ ಬಿಡ್ತೀನ್ರೀ ಅಮ್ಮಾರ,” ಎಂದು ಡ್ರೈವರ್ ಟೊಪ್ಪಿಗೆ ಸರಿಮಾಡಿಕೊಂಡು ಚಹಾದ ಗಾಡಿಯತ್ತ ನಡೆದ.

ಜನ ಒಬ್ಬೊಬ್ಬರಾಗಿ ಬಂದರು. ಸೀಟುಗಳೆಲ್ಲ ತುಂಬಿದವು. ನಾನು ಕಿಟಕಿಯಿಂದ ಕೂಗಿದೆ: “ಫುಲ್ ಆತ ನೋಡಪ್ಪಾ!”

ಅವನು ಬಂದು ಒಳಗೆ ಇಣುಕಿದ. “ಇದು ಫುಲ್ ಅಲ್ರೀ. ಇದು ಬರೇ ಕುಂತಿದ್ದು.”

“ನಮ್ಮ ಬೀಳಗಿ ಕಡೆ ಇಷ್ಟಕ್ಕ ಟೈಟ್ ಅಂತೀವಿ ನೋಡ್ರಿ,” ಎಂದಳು ಹಿಂದೆ ಕೂತ ಹೆಂಗಸು.

“ಬನಹಟ್ಟಿಯಾಗ ಇದಕ್ಕ ರಶ್ ಅಂತ ಸುದ್ದಾ ಅನ್ನಂಗಿಲ್ರೀ,” ಎಂದರು ಅವಳ ಪಕ್ಕದ ನೇಕಾರರು. “ಬಾಗ್ಲಾ ಹಾಕಾಕ ಬರಬಾರ್ದು, ಆವಾಗ ಫುಲ್.”

“ಹಂಗಾದ್ರ ಬಾಗ್ಲಾ ಯಾಕ ಕೊಟ್ಟಾರ?” ಎಂದೆ.

“ಜೋತು ಬೀಳಾಕ್ರಿ!”

ಗಾಡಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ವಾರ್ಡಿನಲ್ಲಿ ಫುಲ್ ಎಂದರೆ ಬಾಗಿಲು ಮುಚ್ಚುತ್ತಿತ್ತು. ಇಲ್ಲಿ ಫುಲ್ ಆಗದೆ ಗಾಡಿ ಮುಂದಕ್ಕೆ ಹೋಗುವುದಿಲ್ಲ. ಹಾಗಾದರೆ ನಾವು ಜನ ಬರದಿರಲಿ ಎಂದು ಬೇಡಿಕೊಳ್ಳಬೇಕೋ, ಬರಲಿ ಎಂದೋ? ಬಿಸಿಲು ಏರುತ್ತಿತ್ತು. ಬನಹಟ್ಟಿಯ ಇನ್ನೂ ಒಂದು ಬಸ್ಸು, ಬಾಗಿಲಲ್ಲಿ ಜನರನ್ನು ಜೋತಾಡಿಸಿಕೊಂಡು, ನಮ್ಮನ್ನು ದಾಟಿ ಹೋಯಿತು.

ಅಕ್ಕ ಅದನ್ನು ಕಣ್ಣು ಕಿರಿದು ಮಾಡಿ ನೋಡಿದಳು. ನಂತರ ನನ್ನತ್ತ ತಿರುಗಿದಳು.

“ಏ ತಂಗಿ, ಆ ಚೀಲಾ ಎತ್ತು.”

“ನಿನಗ ತಾಗತಾರಕ್ಕಾ.”

“ಚೀಲಕ್ಕ ಕಣ್ಣ ತೋರ್ಸೂದೈತೇನ? ಎತ್ತಂದ್ರ ಎತ್ತು! ನೀ ಇತ್ತಾಗ ಸರಿ.”

ಸರಿದೆ. ಅಕ್ಕ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೂಗತೊಡಗಿದಳು: “ಮಾಲಿಂಗಪುರ, ಬನಹಟ್ಟಿ! ಬರ್ರವ್ವಾ, ಜಾಗಾ ಐತಿ!” ಕೂಸು ಎತ್ತಿಕೊಂಡವಳೊಬ್ಬಳು ಬಂದು ನನ್ನ ತೊಡೆಯ ಮೇಲೆ ಅರ್ಧ, ಸೀಟಿನ ಮೇಲೆ ಅರ್ಧ ಕೂತಳು. ಕೂಸನ್ನು ಅಕ್ಕ ತನ್ನ ಮಡಿಲಿಗೆ ಇಸಿದುಕೊಂಡಳು. ಇಬ್ಬರು ಮೆಟ್ಟಿಲ ಮೇಲೆ ನಿಂತರು. ಡ್ರೈವರ್ ಬಂದು ಬಾಗಿಲು ತಳ್ಳಿ ನೋಡಿದ, ಅದು ಮುಚ್ಚಲಿಲ್ಲ. ಖುಷಿಯಿಂದ ಗಾಡಿ ಚಾಲೂ ಮಾಡಿದ.

ಮಹಾಲಿಂಗಪುರದಲ್ಲಿ ಪೇಟೆಗೆ ಬಂದವರು ಇಳಿದರು, ಮತ್ತೆ ಫುಲ್ ಆಗಲೆಂದು ಗಾಡಿ ಅಲ್ಲೇ ನಿಂತಿತು. ಈ ಸಲ ಅಕ್ಕ ಹೇಳುವ ಮೊದಲೇ ನಾನು ಸರಿದು ಕೂತೆ.

ಬನಹಟ್ಟಿ ಮುಟ್ಟಿದಾಗ ಡಾಕ್ಟರರ ಕಾರು ಇನ್ನೂ ಆಸ್ಪತ್ರೆಯ ಅಂಗಳದಲ್ಲಿತ್ತು. ಬಾಗಿಲಲ್ಲಿದ್ದ ಹೆಂಗಸು ಕೈ ಅಡ್ಡ ಹಿಡಿದಳು. “ಫುಲ್ ಆಗೇತ್ರೀ.”

ಹಳೆಯ ರೂಢಿಯಂತೆ ನನ್ನ ಕಾಲು ಹಿಂದಕ್ಕೆ ತಿರುಗಿತು, ಅರ್ಧದಲ್ಲೇ ನಿಂತಿತು. “ಅಲ್ಲವ್ವಾ, ಇದು ಯಾವ ಫುಲ್? ತಿರುಗಿ ಹೋಗೂದೋ, ಒಳಗ ಬರೂದೋ?”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕಣ್ಣಿನ ಪರೀಕ್ಷೆ ನನಗೇ ಬೇಕೇನೋ ಎಂದುಕೊಂಡಿರಬೇಕು. ಅಷ್ಟರಲ್ಲಿ ಒಳಗಿನಿಂದ ಅಕ್ಕನ ದನಿ ಕೇಳಿಸಿತು: “ಸ್ವಲ್ಪ ಸರಕೋರೆವ್ವಾ, ಮುದುಕಿ ಅದೇನಿ.” ಅಕ್ಕ ಆ ಹೆಂಗಸಿನ ಕೈಯಡಿಯಿಂದಲೇ ನುಸುಳಿ ಬೆಂಚಿನ ತುದಿಗೆ ತಳ ಊರಿದ್ದಳು.

ಡಾಕ್ಟರು ಏಳುವ ಮೊದಲು ಕಟ್ಟಕಡೆಗೆ ನೋಡಿದ್ದು ಅವಳನ್ನೇ. ಮುಂದಿನ ವಾರವೇ ತಮ್ಮ ಊರಿನ ಆಸ್ಪತ್ರೆಯಲ್ಲಿ ಆಪರೇಷನ್ ಎಂದರು. ಕೌದಿಗೆ ಸಮಯ ಸಿಕ್ಕಿತು.

ಮರಳುವಾಗ ಬನಹಟ್ಟಿ ಸ್ಟ್ಯಾಂಡಿನಲ್ಲಿ ಖಾಲಿ ಕ್ರೂಸರ್ ಒಂದು ನೆರಳಿನಲ್ಲಿ ನಿಂತಿತ್ತು. ಅಕ್ಕ ಅದರತ್ತ ತಲೆಯನ್ನೂ ತಿರುಗಿಸದೆ ತುಂಬಿದ ಬಸ್ಸಿಗೆ ಹತ್ತಿದಳು. ನಾನೂ ಹತ್ತಿದೆ. ಕೂತಿದ್ದ ಅಪರಿಚಿತಳೊಬ್ಬಳು ನಾನು ಕೇಳದೆಯೇ ನನ್ನ ಚೀಲವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಆಗಲೇ ಸೊಸೆಯ ಫೋನು ಬಂತು.

“ಅತ್ತೆ, ಬಸ್ಸು ತುಂಬಾ ಪ್ಯಾಕಾ?”

ರಶ್ ಎನ್ನಲೋ, ಟೈಟ್ ಎನ್ನಲೋ, ಫುಲ್ ಎನ್ನಲೋ ತಿಳಿಯಲಿಲ್ಲ. ಸುತ್ತ ನೋಡಿದೆ, ಜನರ ನಡುವೆ ಬಾಗಿಲೇ ಕಾಣಿಸಲಿಲ್ಲ.

“ಹತ್ತಿ ನಿಂತೇವವ್ವಾ,” ಎಂದೆ.