ಮಲ್ಲಿಕಾ ಕಲಿತ ಬಾಯಮ್ಮನ ಮಾತು

ಮಲ್ಲಿಕಾ ಪೋರ್ಚುಗೀಸ್ ಕಲಿತಿದ್ದಳು ಎಂದರೆ ಬಸರೀಕಟ್ಟೆಯ ಕಡೆಯವರು ಈಗಲೂ ನಗುತ್ತಾರೆ. ನಗಲಿ. ಎಸ್ಟೇಟಿನ ಬಂಗಲೆಯಲ್ಲಿ ಅಡುಗೆಗಿದ್ದವಳು ನಾನು, ಕಿವಿಯಾರೆ ಕೇಳಿದ್ದೇನೆ.

2005ರ ಮಾತು. ನಮ್ಮ ಧಣಿಗಳ ತಾಯಿ ಗೋವೆಯವರು, ನಾವೆಲ್ಲ ಬಾಯಮ್ಮ ಎನ್ನುತ್ತಿದ್ದೆವು. ಮರೆವು ಹಿಡಿದ ಮೇಲೆ ಅವರಿಗೆ ಕನ್ನಡ ಹೋಯಿತು, ಕೊಂಕಣಿ ಹೋಯಿತು, ಇಂಗ್ಲಿಷೂ ಹೋಯಿತು. ಹುಡುಗಿಯಾಗಿದ್ದಾಗ ಶಾಲೆಯಲ್ಲಿ ಕಲಿತ ಪೋರ್ಚುಗೀಸ್ ಒಂದೇ ಉಳಿಯಿತು. ಧಣಿಗಳಿಗೆ ಅದು ಅರೆಬರೆ ಗೊತ್ತು, ನನಗೆ ಅದೂ ಇಲ್ಲ. ಅವರು ನೀರು ಕೇಳಿದರೆ ಸಾರು ತಂದಿಟ್ಟು ಬೈಸಿಕೊಂಡಿದ್ದೇನೆ. ಬೈದದ್ದು ಏನೆಂದು ಅರ್ಥವಾಗಲಿಲ್ಲ, ಅದೊಂದು ಪುಣ್ಯ.

ಬಾಯಮ್ಮನನ್ನು ನೋಡಿಕೊಳ್ಳಲು ಧಣಿಗಳು ಕೆಳಗಿನ ಕೂಲಿಯವರ ಲೈನ್ ಮನೆಯ ಮಲ್ಲಿಕಾಳನ್ನು ಕರೆಸಿದರು. ಹಿಂದಿನ ವರ್ಷವಷ್ಟೇ ಅವಳ ಗಂಡ ಯೋಗೇಂದ್ರ, ಕಾಫಿ ತೋಟದ ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿ ಕೆಲಸದಲ್ಲಿ, ಮೇಲಿಂದ ಬಿದ್ದು ಸತ್ತಿದ್ದ. ಅವಳು ಅತ್ತಿರಲಿಲ್ಲ. ಹೆಣದ ಮುಂದೆಯೂ ಒಲೆಯ ಮುಂದೆ ಕೂತ ಹಾಗೆ ಕೂತಿದ್ದಳು. ಕಲ್ಲೆದೆಯವಳು ಎಂದು ಲೈನಿನವರು ಆಡಿಕೊಂಡರು. ಅವರ ಬಾಯಿಗಿಷ್ಟು ಮಣ್ಣು ಹಾಕ.

ಬಾಯಮ್ಮನ ಮಾತನ್ನೂ ಅವಳು ಹಾಗೆಯೇ ಕಲಿತಳು, ಖುಷಿಯಿಲ್ಲ, ಬೇಜಾರಿಲ್ಲ. ಆಗ್ವ ಎಂದರೆ ನೀರು. ಅರೋಸ್ ಎಂದರೆ ಅನ್ನ. ಫ್ರಿಯು ಎಂದರೆ ಚಳಿ, ಶಾಲು ಹೊದಿಸಬೇಕು. ಮೇಜಿಗೆ ಮೇಝ ಎನ್ನುತ್ತಾರಂತೆ, ಸಾಬೂನಿಗೆ ಸಬಾಂವ್. ಇದೆಲ್ಲ ನಮ್ಮದೇ ಅಲ್ವಾ ಅಕ್ಕ ಎಂದಳು ಒಮ್ಮೆ. ಆ ತಿಂಗಳಲ್ಲಿ ಅವಳಾಡಿದ ದೊಡ್ಡ ಮಾತು ಅದೇ.

ಸಂಜೆ ಹೊರಡುವಾಗ ಹೇಳಬೇಕಲ್ಲ, 'ಬರ್ತೀನಿ' ಎನ್ನುವುದಕ್ಕೆ ಏನನ್ನುತ್ತಾರೆ ಎಂದು ಧಣಿಗಳನ್ನು ಕೇಳಿದಳು. ಅವರು ಯಾಕೆ, ಏನು ಎಂದು ವಿಚಾರಿಸದೆ 'ಜಾ ವೆನ್ಯು' ಎಂದುಬಿಟ್ಟರು. ನಮ್ಮಲ್ಲಿ ಹೊರಟವರು ಹೋಗ್ತೀನಿ ಎನ್ನುತ್ತಾರೆಯೇ? ಬರ್ತೀನಿ ಎಂದೇ ಹೇಳಬೇಕು. ಮಲ್ಲಿಕಾ ದಿನಾ ಹಾಗೆ ಹೇಳಿ ಗುಡ್ಡ ಇಳಿಯುತ್ತಿದ್ದಳು. ಅವಳು ಹೋದ ಮೇಲೆ ಬಾಯಮ್ಮ ಜಗಲಿಯ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ, ಊಟ ಮುಟ್ಟುತ್ತಿರಲಿಲ್ಲ. ನಾನು ಅನ್ನ ಬಿಸಿಮಾಡಿ ಬಿಸಿಮಾಡಿ ಸೋತೆ. ಅವರು ಸೊರಗಿ ಕಡ್ಡಿಯಾದರು.

ಒಂದು ಸಂಜೆ ಧಣಿಗಳು ಜಗಲಿಯಲ್ಲೇ ಇದ್ದು, ಅವಳು ಹೇಳಿದ್ದನ್ನು ಕೇಳಿದಾಗ ಕಾರಣ ಹೊಳೆಯಿತು. ಜಾ ವೆನ್ಯು ಎಂದರೆ ಆ ಭಾಷೆಯಲ್ಲಿ ಈಗಲೇ ಬಂದೆ ಎಂದಂತೆ, ಹಾಗೆ ಹೇಳಿಹೋದವಳಿಗಾಗಿ ತಾಯಿ ಕಾಯುತ್ತಿದ್ದರು. ನಾಳೆ ಎಂಬುದು ಬಾಯಮ್ಮನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. 'ವೋ' ಅನ್ನು, ಹೋಗ್ತೀನಿ ಎಂದರ್ಥ, ಆಗ ಕಾಯುವುದಿಲ್ಲ, ಎಂದು ಧಣಿಗಳು ಹೇಳಿಕೊಟ್ಟರು. ಮಲ್ಲಿಕಾ ತಲೆಯಾಡಿಸಿ ಅಡುಗೆಮನೆಗೆ ಬಂದಳು.

"ಆ ಒಂದು ಮಾತು ನನ್ನ ಕೈಲಾಗಲ್ಲ ಅಕ್ಕ. ಅವತ್ತು ಇವರು ಗಡಿಬಿಡೀಲಿ ಹೋಗ್ತೀನಿ ಅಂತ್ಲೇ ಹೋದ್ರು."

ಗಂಡನ ಮಾತು ತೆಗೆದಾಗಲೂ ಮುಖದಲ್ಲಿ ಏನೂ ಇರಲಿಲ್ಲ. ಹಾಗಾದ್ರೆ ಎಂತ ಮಾಡ್ತಿ ಮಾರಾಯ್ತಿ ಎಂದೆ. ಅವಳು ಜಗಲಿಗೆ ಹೋಗಿ ಜಾ ವೆನ್ಯು ಎಂದಳು. ಮನೆಗಿಳಿದು ಅತ್ತೆಗೆ ಗಂಜಿ ಕಾಯಿಸಿಟ್ಟು, ಮತ್ತೆ ಗುಡ್ಡ ಹತ್ತಿ ಬಂದಳು. ಬಾಯಮ್ಮ ಅವಳನ್ನು ಕಂಡು ಎದ್ದರು, ಒಳಗೆ ಬಂದು ಉಂಡರು. ಅವರಿಗೆ ನಿದ್ದೆ ಹತ್ತಿದ ಮೇಲೆ ಏನೂ ಹೇಳದೆ ಹೋದಳು. ಅಲ್ಲಿಂದ ಮುಂದೆ ದಿನವೂ ಹೀಗೆಯೇ. ಬರ್ತೀನಿ ಎಂದವಳು ಬಂದಳು, ಅಷ್ಟೆ.

ಮಾಘದ ಚಳಿಗೆ ಬಾಯಮ್ಮನಿಗೆ ಉಬ್ಬಸ ಹತ್ತಿತು. ಆಸ್ಪತ್ರೆಗೆಂದು ಜೀಪಿನಲ್ಲಿ ಕೂರಿಸಿದೆವು. ಅವರು ಮಲ್ಲಿಕಾಳ ಕೈ ಹಿಡಿದು, ಇವಳು ದಿನಾ ಹೇಳುವ ಹಾಗೆಯೇ, "ಜಾ ವೆನ್ಯು" ಎಂದರು. ಜೀಪು ಹೊರಟಿತು.

ಮರುದಿನ ಮಧ್ಯಾಹ್ನ ಅವರು ಹೋದ ಸುದ್ದಿ ಬಂತು. ಸಂಜೆ ನೋಡಿದರೆ ಮಲ್ಲಿಕಾ ಜಗಲಿಯಲ್ಲಿ, ಬಾಯಮ್ಮನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಿದ್ದಾಳೆ. ಊಟಕ್ಕೆ ಕರೆದೆ, ಏಳಲಿಲ್ಲ. ಕಾದು ಏನು ಮಾಡುತ್ತೀ, ಹೋದವರು ಬರುತ್ತಾರೆಯೇ ಎಂದು ಸ್ವಲ್ಪ ಗದರಿಯೇ ಹೇಳಿದೆ.

"ಬಾಯಮ್ಮ ಬರ್ತೀನಿ ಅಂತಾದ್ರೂ ಹೇಳಿ ಹೋದ್ರಲ್ಲ ಅಕ್ಕ," ಎಂದಳು. "ಇವರು ಅಷ್ಟೂ ಹೇಳ್ಲಿಲ್ಲ."

ಆಮೇಲೆ ಅತ್ತಳು. ನಾನು ಅನ್ನದ ತಟ್ಟೆಯನ್ನು ಒಳಗಿಟ್ಟು ಬಂದು ಅವಳ ಪಕ್ಕ ಕೂತೆ.